ಚೀನಾ ನಡುಗಿಸಿದ ಕಾಲು

ಎಪ್ಪತ್ತಾರನೇ ಇಸವಿಯಲ್ಲಿ ಭೂಮಿ ಎಲ್ಲೆಲ್ಲಿ ನಡುಗಿತೋ ಅದಕ್ಕೆಲ್ಲ ನಾನೇ ಕಾರಣ. ಹಾಗೆಂದು ಹೇಳಿದವಳು ನಾನಲ್ಲ, ನಮ್ಮತ್ತೆ ಗೌರಮ್ಮ. ಅತ್ತೆಯನ್ನು ಹೆಸರು ಹಿಡಿದು ಕರೆಯುತ್ತಾಳಲ್ಲ ಎಂದು ಯಾರೂ ಮೂಗು ಮುರಿಯಬೇಡಿ. ಈ ಕಥೆಯಲ್ಲಿ ನನಗೆ ಇಬ್ಬರು ಅತ್ತೆಯರಿದ್ದಾರೆ. ಒಬ್ಬರು ಗಂಡನ ತಾಯಿ, ಇನ್ನೊಬ್ಬರು ಅಪ್ಪನ ತಂಗಿ. ಹೆಸರು ಹೇಳದಿದ್ದರೆ ನಿಮಗೇ ಗೊಂದಲ.

ನಾನು ಅಂಕಮ್ಮ. ಹುಟ್ಟಿದ್ದು ಸುದ್ದಗುಂಟೆಪಾಳ್ಯ, ಕೊಟ್ಟಿದ್ದು ಜರಗನಹಳ್ಳಿಗೆ. ಆಗ ಜರಗನಹಳ್ಳಿ ನಿಜವಾಗಿಯೂ ಹಳ್ಳಿ. ಈಗ ಜೆ.ಪಿ. ನಗರ ಅನ್ನುವ ಕಡೆಯೆಲ್ಲ ರಾಗಿ ಹೊಲ, ಅವರೆ ಹೊಲ. ಕನಕಪುರ ರಸ್ತೆಯಲ್ಲಿ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ನಡಿಗೆ. ಆ ವರ್ಷದ ಫೆಬ್ರವರಿ ಮೊದಲ ವಾರ ನನ್ನ ಮದುವೆ. ಧಾರೆಯ ಹೊತ್ತಿಗೆ ಒಂದು ಎಡವಟ್ಟಾಯಿತು. ಗಂಡು ಸೀನು ನನ್ನ ಕೊರಳಿಗೆ ಹಾಕಿದ ಸುಗಂಧರಾಜದ ಹಾರ ಪಟ್ಟನೆ ಹರಿದು ಹೂವೆಲ್ಲ ಮಣೆಯ ಮೇಲೆ ಚೆಲ್ಲಿತು. ಮಾರ್ಕೆಟ್ಟಿನ ಹೂವಿನವನು ಲಡ್ಡಾದ ಹಳೇ ದಾರದಲ್ಲಿ ಕಟ್ಟಿದ್ದ, ಅಷ್ಟೇ. ಅದೇ ಮಧ್ಯಾಹ್ನ ನನ್ನನ್ನು ಮನೆ ತುಂಬಿಸಿಕೊಂಡರು. ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಬಲಗಾಲಿನಿಂದ ಮೆಲ್ಲಗೆ ತಳ್ಳಿ ಒಳಗೆ ಬಾ ಅಂದರು. ನನಗೆ ಮೆಲ್ಲಗೆ ಅನ್ನುವುದು ಹುಟ್ಟಿನಿಂದಲೇ ಬರುವುದಿಲ್ಲ. ಒದ್ದ ರಭಸಕ್ಕೆ ಸೇರು ಉರುಳಿಕೊಂಡು ಹೋಗಿ ದೇವರ ಗೂಡಿನ ಗೋಡೆಗೆ ಬಡಿದು ನಿಂತಿತು. ನೆಂಟರೆಲ್ಲ ನಕ್ಕರು. ಗೌರಮ್ಮ ನಗಲಿಲ್ಲ.

ಮದುವೆಯ ಚಪ್ಪರ ಬಿಚ್ಚುವ ಮೊದಲೇ ಆ ಪೇಪರು ಬಂತು. ನಮ್ಮ ಮಾವ ಬೈರಣ್ಣನಿಗೆ ಜಗಲಿಯ ಮೇಲೆ ಕುಳಿತು ಪೇಪರನ್ನು ಗಟ್ಟಿಯಾಗಿ ಓದುವ ಚಟ. ಆಗ ತುರ್ತುಪರಿಸ್ಥಿತಿಯ ಕಾಲ. ಪೇಪರಿನ ಪ್ರಕಾರ ನಮ್ಮ ದೇಶದಲ್ಲಿ ಕೆಟ್ಟದ್ದು ಏನೂ ಆಗುತ್ತಲೇ ಇರಲಿಲ್ಲ. ಹಾಗಾಗಿ ಹೊರದೇಶದ ಕೇಡೆಲ್ಲ ದಪ್ಪಕ್ಷರದಲ್ಲಿ ಬರುತ್ತಿತ್ತು.

“ಗ್ವಾಟೆಮಾಲಾದಲ್ಲಿ ಭಾರೀ ಭೂಕಂಪ, ಸಾವಿರಾರು ಜನರ ಸಾವು,” ಎಂದು ಮಾವ ಓದಿದರು.

“ಏನು ಮಾಲೆ?” ಗೌರಮ್ಮ ಒಳಗಿಂದಲೇ ಕೇಳಿದರು.

“ಗ್ವಾಟೆಮಾಲಾ ಕಣೇ. ಅದೊಂದು ದೇಶ.”

“ಯಾವತ್ತಾಯ್ತಂತೆ?”

“ಬುಧವಾರ.”

ಗೌರಮ್ಮ ಸೌಟು ಹಿಡಿದುಕೊಂಡೇ ಜಗಲಿಗೆ ಬಂದರು. “ಬುಧವಾರ ಇಲ್ಲಿ ಮಾಲೆ ಹರೀತು. ಅಲ್ಲಿ ಮಾಲೆ ದೇಶವೇ ಉರುಳ್ತು. ಇವ್ಳು ಸೇರು ಒದ್ದಿದ್ದೂ ಆವತ್ತೇ ಅಲ್ವಾ?”

“ಅದು ಭೂಮಿಯ ಆಚೆ ಕಡೆ ಐತೆ ಕಣೇ,” ಎಂದು ಮಾವ ನಕ್ಕರು.

“ಒದೆ ಬಿದ್ದಿದ್ದು ಈ ಕಡೆ. ಅಲ್ಲಾಡೋದು ಆ ಕಡೆಯೇ ತಾನೆ?”

ಆವತ್ತಿನಿಂದ ಕಾಲ್ಗುಣ ಅನ್ನುವ ಮಾತು ನನ್ನ ಬೆನ್ನು ಹತ್ತಿತು. ಕಾಲ್ಗುಣದ ನ್ಯಾಯ ಬಹಳ ಸರಳ. ಹೊಸ ಸೊಸೆ ಕಾಲಿಟ್ಟ ಮೇಲೆ ಮನೆಗೆ ಒಳ್ಳೆಯದಾದರೆ ಅದು ದೇವರ ದಯೆ, ಕೆಟ್ಟದ್ದಾದರೆ ಸೊಸೆಯ ಕಾಲ್ಗುಣ. ನಾನು ಮೊದಮೊದಲು ನಕ್ಕೆ. ಮೇ ತಿಂಗಳಲ್ಲಿ ನಮ್ಮ ಗಬ್ಬದ ಹಸು ದಿನ ತುಂಬದೆ ಕಂದು ಹಾಕಿತು. ಅದೇ ವಾರ ಇಟಲಿಯಲ್ಲಿ ಭೂಮಿ ನಡುಗಿ ಊರೂರೇ ಕುಸಿದವು. ಗೌರಮ್ಮ ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿದರು. ನಾನು ನಗುವುದನ್ನು ಬಿಟ್ಟೆ.

ಜುಲೈ ಕೊನೆಯಲ್ಲಿ ಚೀನಾದ ಸುದ್ದಿ ಬಂತು. ಬೆಳಗಿನ ಜಾವ ಜನ ಮಲಗಿದ್ದಾಗ ಒಂದು ಇಡೀ ಪಟ್ಟಣ ನೆಲಸಮವಾಗಿತ್ತು. ಎಷ್ಟು ಜನ ಸತ್ತರೆಂದು ಆ ದೇಶದವರು ಹೇಳುತ್ತಲೇ ಇರಲಿಲ್ಲ. ಲಕ್ಷಗಟ್ಟಲೆ ಇರಬಹುದು ಎಂದು ಮಾವ ಓದಿದರು. ಪೇಪರು ಮಡಿಸಿ ತೊಡೆಯ ಕೆಳಗಿಟ್ಟುಕೊಂಡರು. ನಾನು ಹಿತ್ತಿಲ ಹುಲ್ಲಿನ ಬಣವೆ ಹಿಂದೆ ಹೋಗಿ ಅತ್ತುಬಿಟ್ಟೆ. ನನಗಾಗಿ ಅಲ್ಲ. ಆ ಊರಿನಲ್ಲಿ ಎಷ್ಟು ಹೊಸ ಸೊಸೆಯರು ಮಲಗಿದ್ದರೋ, ಅವರ ಕಾಲ್ಗುಣದ ಲೆಕ್ಕವನ್ನು ಯಾವ ಅತ್ತೆ ಹಾಕುತ್ತಾಳೆ? ಅಷ್ಟು ಜನ ಸತ್ತಿರುವಾಗ ಅದನ್ನೂ ತಂದು ಒಬ್ಬ ಹುಡುಗಿಯ ಪಾದಕ್ಕೆ ಕಟ್ಟುತ್ತಾರಲ್ಲ ಎಂದು ಅಳು ಹೋಗಿ ಸಿಟ್ಟು ಬಂತು. ಆ ಸಿಟ್ಟು ನನಗಿನ್ನೂ ಆರಿಲ್ಲ.

ಗೌರಮ್ಮ ಮಾತ್ರ ನಿಜವಾಗಿಯೂ ಹೆದರಿದ್ದರು. ಮಾರನೇ ದಿನವೇ ನನ್ನ ಕಾಲ್ಗೆಜ್ಜೆ ಬಿಚ್ಚಿಸಿ ಟ್ರಂಕಿಗೆ ಹಾಕಿದರು. “ಇನ್ಮೇಲೆ ಮೆತ್ತಗೆ ನಡಿ. ಹಿಮ್ಮಡಿ ಊರ್ಬೇಡ,” ಎಂದರು. ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನಾನು ಆ ಮನೆಯಲ್ಲಿ ತುದಿಗಾಲಿನಲ್ಲಿ ಓಡಾಡಿದೆ. ನೀರು ತರುವಾಗ, ರಾಗಿ ಬೀಸಲು ಹೋಗುವಾಗ, ಮುದ್ದೆ ತಟ್ಟೆ ಹಿಡಿದು ಬರುವಾಗ, ಎಲ್ಲ ತುದಿಗಾಲಿನಲ್ಲೇ. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಎದುರು ಮನೆಯ ಮರಿಯಮ್ಮ ನನಗೆ ‘ಚೀನಾ ಸೊಸೆ’ ಎಂದು ಹೆಸರಿಟ್ಟಳು. ನಾನು ಬೀದಿಗೆ ಇಳಿದರೆ ಅವಳು ಕಾವಿಗೆ ಕೂತ ಕೋಳಿಯನ್ನು ಮಂಕರಿ ಸಮೇತ ಒಳಗೆ ಎತ್ತಿಕೊಂಡು ಹೋಗುತ್ತಿದ್ದಳು.

ಸೀನು ಏನು ಮಾಡುತ್ತಿದ್ದ ಅಂತ ಕೇಳುತ್ತೀರಿ. ಮೈಸೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಲೇತ್ ಓಡಿಸುತ್ತಿದ್ದ. ಮನೆಯಲ್ಲಿ ಬಾಯಿಗೆ ಬೀಗ. ಒಳ್ಳೆಯವನು. ಒಳ್ಳೆಯವರಿಂದ ಕೆಲವು ಸಲ ಆಗುವಷ್ಟು ಕಷ್ಟ ಕೆಟ್ಟವರಿಂದಲೂ ಆಗುವುದಿಲ್ಲ.

ಆಗ ಮಾವ ರಾಗಿ ಹೊಲದ ಒಂದು ತುಂಡನ್ನು ಮಾರಿ ರಸ್ತೆ ಬದಿಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು. ಹೆಂಚಿನದಲ್ಲ, ತಾರಸಿ ಮನೆ. ಮುಂದಿನ ಅರ್ಧ ನಮಗೆ, ಹಿಂದಿನ ಅರ್ಧ ಬಾಡಿಗೆಗೆ. ಕೋಣನಕುಂಟೆಯ ಉಗ್ರಪ್ಪ ಮೇಸ್ತ್ರಿ. ಆಗಸ್ಟ್ ಮೊದಲಲ್ಲೇ ತಾರಸಿಗೆ ಮೋಲ್ಡ್ ಹಾಕಿದ. ಕಾಂಕ್ರೀಟು ಬಲಿಯುವವರೆಗೂ ಕೆಳಗೆ ಸರ್ವೆ ಕಂಬಗಳನ್ನು ಒತ್ತುಕೊಟ್ಟು ನಿಲ್ಲಿಸಿರಬೇಕು ಎಂಬುದು ಊರಿಗೆಲ್ಲ ಗೊತ್ತು. ಉಗ್ರಪ್ಪನಿಗೆ ಜಯನಗರದಲ್ಲಿ ಇನ್ನೊಂದು ಕೆಲಸವಿತ್ತು. ಕಂಬಗಳನ್ನು ಅವಧಿಗೆ ಮೊದಲೇ ಕಿತ್ತು ಗಾಡಿಗೆ ಹೇರಿಕೊಂಡು ಹೋದ. ನಾವೆಲ್ಲ ಆ ಗಾಡಿ ಹೋಗುವುದನ್ನು ನೋಡಿದೆವು. ಎರಡು ಮಳೆ ಬಿತ್ತು. ಮೂರನೇ ಮಳೆಗೆ ನಡುಮನೆಯ ಸೂರು ದಡಾರನೆ ಕೆಳಗೆ ಬಂತು. ಕೆಳಗೆ ಯಾರೂ ಇರಲಿಲ್ಲ, ಅದೊಂದು ಪುಣ್ಯ.

ಅದೇ ವಾರ ಫಿಲಿಪೈನ್ಸ್ ಅನ್ನುವ ದೇಶದಲ್ಲಿ ಭೂಮಿ ನಡುಗಿ ಸಮುದ್ರವೇ ಊರಿನೊಳಗೆ ನುಗ್ಗಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. ಉಗ್ರಪ್ಪ ನಮ್ಮ ಜಗಲಿಯ ಮೇಲೆ ಕೂತು ಹೇಳಿದ, “ನನ್ನ ಕೆಲ್ಸದಾಗೆ ತಪ್ಪಿಲ್ಲ ಬೈರಣ್ಣ. ಈ ವರ್ಷ ಲೋಕಾನೇ ನಡುಗ್ತಾ ಐತೆ, ಪೇಪರ್ನಾಗೆ ನೀನೇ ಓದ್ತೀಯ. ಅದೂ ಅಲ್ದೆ, ಎಲ್ರಿಗೂ ಗೊತ್ತಿರೋ ವಿಷ್ಯ, ನನ್ನ ಬಾಯಲ್ಲಿ ಯಾಕೆ?” ಹೇಳಿ ನನ್ನ ಕಾಲನ್ನು ನೋಡಿದ. ಗೌರಮ್ಮನೂ ನೋಡಿದರು. ಮಾವ ನೆಲ ನೋಡಿದರು.

ಉಗ್ರಪ್ಪ ಎದ್ದು ಹೋದ ಮೇಲೆ ತೀರ್ಮಾನವಾಯಿತು. “ಗೃಹಪ್ರವೇಶ ಆಗೋಗಂಟ ಇವ್ಳು ತವರಲ್ಲಿರ್ಲಿ. ಆಮೇಲೆ ಕರ್ಕೊಂಡು ಬರೋಣ,” ಎಂದರು ಗೌರಮ್ಮ.

ಆ ‘ಗಂಟ’, ಅಂದರೆ ತನಕ, ಅನ್ನುವ ಮಾತನ್ನು ನಾನು ಮೊದಲೂ ಕೇಳಿದ್ದೆ. ಈಗ ಇನ್ನೊಬ್ಬ ಅತ್ತೆಯ ಕಥೆ ಹೇಳಬೇಕು. ಅಪ್ಪನ ತಂಗಿ ಗೋವಿಂದಮ್ಮ, ನನಗೆ ಗೋವಿಂದತ್ತೆ. ಆಕೆ ಮದುವೆಯಾದ ವರ್ಷ ಗಂಡನ ಮನೆಯ ಬಾವಿ ಬತ್ತಿತು. ಮಳೆ ಬರೋಗಂಟ ತವರಲ್ಲಿರಲಿ ಎಂದು ಕಳಿಸಿದರು. ಮಳೆ ಬಂತು, ಬಾವಿ ತುಂಬಿತು, ಗಂಡನಿಗೆ ಇನ್ನೊಂದು ಮದುವೆಯೂ ಆಯಿತು. ಕರೆಯಲು ಯಾರೂ ಬರಲಿಲ್ಲ. ನಾನು ಕಣ್ಣು ಬಿಟ್ಟಾಗಿನಿಂದ ನೋಡಿದ್ದೇನೆ, ಗೋವಿಂದತ್ತೆ ಯಾರ ಮನೆಗೂ ಮುಂಬಾಗಿಲಿನಿಂದ ಹೋಗುವುದಿಲ್ಲ. ಯಾರೂ ಬೇಡ ಅನ್ನಬೇಕಾಗಿಲ್ಲ, ತಾನೇ ಹಿತ್ತಿಲ ಕಡೆಗೆ ತಿರುಗುತ್ತಾಳೆ. ನನ್ನ ಮದುವೆಯ ಧಾರೆಯನ್ನೂ ಅಡುಗೆ ಚಪ್ಪರದ ಗಳು ಹಿಡಿದುಕೊಂಡು ದೂರದಿಂದ ನೋಡಿದಳು. ನನ್ನನ್ನು ಎತ್ತಿ ಆಡಿಸಿದ ಕೈ ಅದು.

ಹೋದರೆ ನನಗೂ ಅದೇ ಗತಿ. ಇದು ನನಗೆ ಹಗಲಿನಷ್ಟು ಸ್ಪಷ್ಟವಾಗಿತ್ತು.

ಮಾರನೇ ಬೆಳಿಗ್ಗೆ ಸೀನು ನನ್ನ ಬ್ಯಾಗು ಹಿಡಿದು ಬಸ್‌ಸ್ಟಾಪಿನವರೆಗೆ ಬಂದ. “ಸ್ವಲ್ಪ ದಿನ ಅಷ್ಟೇ ಅಂಕಿ. ಅಮ್ಮನ ಮನಸ್ಸು ಸಮಾಧಾನ ಆಗ್ಲಿ,” ಎಂದ.

“ಗೋವಿಂದತ್ತೆಗೂ ಹಿಂಗೇ ಹೇಳಿದ್ರಂತೆ. ಅವ್ಳ ಬ್ಯಾಗು ಹಿಡ್ಕೊಂಡು ಬಂದವ್ರೂ ಒಳ್ಳೆಯವ್ರೇ ಅಂತೆ,” ಎಂದೆ.

ಅವನ ಮುಖ ಸಣ್ಣದಾಯಿತು. ಕಾರ್ಖಾನೆಗೆ ಹೊತ್ತಾಗಿತ್ತು, ಹೋದ. ಪಟ್ಟಣದ ಕಡೆಯ ಬಸ್ಸು ಬಂದು ನಿಂತಿತು. ಕಂಡಕ್ಟರು, “ಹತ್ತಮ್ಮಾ,” ಎಂದ. ನಾನು ಹತ್ತಲಿಲ್ಲ. ಬ್ಯಾಗು ಸೊಂಟಕ್ಕೇರಿಸಿ ಉಲ್ಟಾ ದಿಕ್ಕಿಗೆ, ಕೋಣನಕುಂಟೆಯ ಕಡೆಗೆ ನಡೆದೆ. ಹಿಮ್ಮಡಿ ಊರಿ ನಡೆದೆ. ಎಷ್ಟು ಹಾಯಾಗಿತ್ತು ಅಂತೀರಿ!

ಉಗ್ರಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಊರವರಿಗೆ ಕಟ್ಟಿಕೊಟ್ಟ ಮನೆಗಳಲ್ಲಿ ಇಲ್ಲದ ನಯವೆಲ್ಲ ಅವನ ಸ್ವಂತ ಮನೆಯಲ್ಲಿತ್ತು. ನೀಲಿ ಬಾಗಿಲು, ಕನ್ನಡಿಯ ಹಾಗೆ ಹೊಳೆಯುವ ಕೆಂಪು ಗಾರೆಯ ನೆಲ. ಅವನ ತಾಯಿ ಜಗಲಿಯಲ್ಲಿ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದಳು.

“ಯಾರವ್ವ ನೀನು?”

“ಜರಗನಹಳ್ಳಿ ಬೈರಣ್ಣನ ಸೊಸೆ.”

ಅಜ್ಜಿಯ ಕೈಯಲ್ಲಿ ಮೊರ ನಿಂತಿತು. “ಆ ಚೀನಾ...”

“ಹ್ಞೂ, ಅದೇ ನಾನೇ. ಬಾಯಾರಿಕೆ ಅಜ್ಜಿ, ಒಳಕ್ಕೆ ಬಂದು ಒಂದು ಲೋಟ ನೀರು ಕುಡೀಲಾ?” ಎನ್ನುತ್ತಾ ಬ್ಯಾಗು ಕೆಳಗಿಟ್ಟೆ. ಸೀರೆ ನೆರಿಗೆ ಎತ್ತಿ ಹಿಡಿದೆ. ಬಲಗಾಲು ಎತ್ತಿ ಅವರ ಹೊಸಿಲ ಮೇಲೆ, ತಾಗದ ಹಾಗೆ, ಗಾಳಿಯಲ್ಲಿ ಹಿಡಿದು ನಿಂತೆ.

“ಅಯ್ಯೋ ಅಲ್ಲೇ ಇರವ್ವ! ನೀರು ನಾನೇ ತರ್ತೀನಿ! ಲೇ ಉಗ್ರಾ! ಬಾರೋ ಈಚೆಗೆ!”

ಉಗ್ರಪ್ಪ ಬನಿಯನ್ನಿನಲ್ಲೇ ಓಡಿ ಬಂದ. ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ. “ಏನಮ್ಮ ಇದು?”

“ನಿಮ್ಮ ಮೋಲ್ಡು ಬಿದ್ದಿದ್ದು ನನ್ನ ಕಾಲ್ಗುಣದಿಂದ ಅಂದ್ರಲ್ಲ ಉಗ್ರಣ್ಣ. ನಾನು ಆ ಹೊಸ ಮನೆ ಒಳಕ್ಕೆ ಇನ್ನೂ ಕಾಲೇ ಇಟ್ಟಿರ್ಲಿಲ್ಲ. ದೂರದಿಂದ್ಲೇ ಬಿತ್ತು. ಒಳಕ್ಕೆ ಬಂದ್ರೆ ಏನಾಗುತ್ತೋ, ನಿಮ್ಮನೇಲೇ ನೋಡಾಣ ಅಂತ ಬಂದೆ.”

“ತಮಾಷೆ ಮಾಡ್ಬೇಡ.”

“ತಮಾಷೆ ಅಂದ್ರೆ ನೀವು ಹೇಳಿದ್ದು ಸುಳ್ಳು ಅಂತಾಯ್ತು. ಸುಳ್ಳಾದ್ರೆ ದಾರಿ ಬಿಡಿ, ನೀರು ಕುಡ್ದು ಹೋಗ್ತೀನಿ. ನಿಜ ಆದ್ರೆ ತಡೀರಿ. ಎರಡ್ರಲ್ಲಿ ಒಂದು ಹೇಳಿ, ಇಲ್ಲಿ ಎಲ್ರೂ ಕೇಳ್ಲಿ.”

ಅಷ್ಟು ಹೊತ್ತಿಗೆ ಬೀದಿಯಲ್ಲಿ ಜನ ಸೇರಿದ್ದರು. ಒಂಟಿ ಕಾಲಿನಲ್ಲಿ ನಿಂತು ನನ್ನ ತೊಡೆ ನಡುಗತೊಡಗಿತ್ತು. ಭೂಮಿ ನಡುಗಿದ್ದು ಗೊತ್ತಿಲ್ಲ, ನನ್ನ ತೊಡೆ ನಡುಗಿದ್ದು ನಿಜ. ಆದರೂ ಇಳಿಸಲಿಲ್ಲ. ಉಗ್ರಪ್ಪ ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ. ಅಜ್ಜಿ ಮೊರದಿಂದಲೇ ಅವನ ಬೆನ್ನಿಗೆ ಒಂದು ಕೊಟ್ಟಳು. “ಅದೇನು ಮಾಡ್ಕೊಡ್ಬೇಕೋ ಮಾಡ್ಕೊಟ್ಟು ಸಾಯೋ ಮೂದೇವಿ! ನಮ್ದಿನ್ನೂ ಹೊಸ ಮನೆ ಕಣೋ!”

“ಆಯ್ತು, ಆಯ್ತು. ಕಂಬ ಬೇಗ ತೆಗ್ದೆ. ನಂದೇ ತಪ್ಪು. ಇನ್ನೊಂದು ಸಲ ಹಾಕ್ಕೊಡ್ತೀನಿ. ಕಾಲು ಹಿಂದಕ್ಕೆ ತಗೋ ತಾಯಿ.”

“ಬೀದಿ ಕೊನೇಲಿರೋರಿಗೆ ಕೇಳಿಸ್ಲಿಲ್ಲ.”

“ಕಂಬ ಬೇಗ ತೆಗ್ದಿದ್ದು ನಂದೇ ತಪ್ಪು!” ಎಂದು ಕಿರುಚಿದ.

ಕಾಲನ್ನು ಹಿಂದಕ್ಕೆ ತೆಗೆದು, ಅಜ್ಜಿ ತಂದುಕೊಟ್ಟ ನೀರನ್ನು ಜಗಲಿಯ ಕೆಳಗೆ ನಿಂತೇ ಕುಡಿದು, ಬ್ಯಾಗು ಎತ್ತಿಕೊಂಡು ನೇರ ಜರಗನಹಳ್ಳಿಗೆ ವಾಪಸು ಬಂದೆ. ಸುದ್ದಿ ನನಗಿಂತ ಮೊದಲು ಬಂದಿತ್ತು. ಮಾವ ಪೇಪರು ಮುಖಕ್ಕೆ ಅಡ್ಡ ಹಿಡಿದು ನಗುತ್ತಿದ್ದರು. “ಗಟ್ಟಿಗಿತ್ತಿ ಬಂದ್ಲು ನೋಡೇ,” ಎಂದರು.

ಗೌರಮ್ಮ ಕಂಬಕ್ಕೆ ಒರಗಿ ನಿಂತಿದ್ದರು. “ಅವ್ನು ಹೆದ್ರಿ ಒಪ್ಕೊಂಡ್ನೋ, ತಪ್ಪು ಅಂತ ಒಪ್ಕೊಂಡ್ನೋ?”

“ಹೆದ್ರಿ.”

“ಹಂಗಾದ್ರೆ ನಿನ್ನ ಕಾಲಿಗೆ ಕೋಣನಕುಂಟೆ ಮೇಸ್ತ್ರಿನೇ ಹೆದರ್ತಾನೆ. ನಾನು ಹೆದ್ರಿದ್ರೆ ಏನು ತಪ್ಪು?”

ಗೆದ್ದು ಬಂದಿದ್ದೆ, ಆದರೆ ಗೆದ್ದದ್ದು ಅದೇ ಹಾಳು ಕಾಲ್ಗುಣದ ಹೆಸರಿನಲ್ಲಿ. ಆದರೂ ತವರಿಗೆ ಹೋಗು ಎಂದು ಯಾರೂ ಮತ್ತೆ ಹೇಳಲಿಲ್ಲ. ನಾನೂ ಟ್ರಂಕಿನಿಂದ ಗೆಜ್ಜೆ ತೆಗೆದು ಹಾಕಿಕೊಂಡೆ.

ಉಗ್ರಪ್ಪ ಮೋಲ್ಡನ್ನು ಎರಡನೇ ಸಲ ಹಾಕಿದ. ಈ ಸಲ ಕಂಬಗಳು ದೀಪಾವಳಿಯವರೆಗೂ ನಿಂತವು. ನವೆಂಬರ್ ಕೊನೆಗೆ ಗೃಹಪ್ರವೇಶ ಎಂದು ಗೊತ್ತುಮಾಡಿದರು. ಹಿಂದಿನ ಸಂಜೆ ರೇಡಿಯೋ ತಿರುಗಿಸಿದರೆ ಟರ್ಕಿಯಲ್ಲಿ ಭೂಕಂಪ, ಹಿಮ ಬೀಳುವ ಗುಡ್ಡಗಾಡಿನಲ್ಲಿ ಸಾವಿರಾರು ಜನ ಮನೆಗಳಡಿ ಸಿಕ್ಕಿದ್ದಾರೆ ಎಂಬ ವಾರ್ತೆ. ಮಾವ ಪಟ್ಟನೆ ಆಫ್ ಮಾಡಿದರು. ಆದರೆ ಕೇಳಬೇಕಾದವರು ಕೇಳಿಯಾಗಿತ್ತು.

ಗೌರಮ್ಮ ನಾನು ತೋರಣದ ಎಲೆ ಪೋಣಿಸುತ್ತಿದ್ದ ಕಡೆ ಬಂದು ಕೂತರು. “ಬೈಯಲ್ಲ ಕಣೇ ಅಂಕಿ. ಕೈ ಮುಗೀತೀನಿ. ನಾಳೆ ಒಂದು ದಿನ ಮಾತ್ರ. ಹಾಲು ಉಕ್ಕೋಗಂಟ ಹಿತ್ತಿಲ ಬಾಗ್ಲ ಹತ್ರ ಇರು. ಆಮೇಲೆ ಹಿಂದಿನಿಂದ ಬಾ.”

ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಬೈಗುಳಕ್ಕೆ ನನ್ನ ಹತ್ತಿರ ಯಾವತ್ತೂ ಉತ್ತರವಿದೆ. ಮುಗಿದ ಕೈಗೆ ಏನು ಹೇಳಲಿ? ಆಯಿತು ಎಂದೆ.

ಬೆಳಿಗ್ಗೆ ಮುಂದೆ ಓಲಗ ಊದುತ್ತಿದ್ದರು. ಹಸುವನ್ನು ಒಳಗೆ ಹೊಡೆದುಕೊಂಡು ಹೋದರು, ಕಳಶ ಒಳಗೆ ಹೋಯಿತು, ಮಾವ ಹೋದರು, ನೆಂಟರು ಹೋದರು. ಗೌರಮ್ಮ ಒಲೆ ಹಚ್ಚಿ ಹಾಲಿಟ್ಟರು. ಇದೆಲ್ಲ ನನಗೆ ಸದ್ದಿನಲ್ಲೇ ಗೊತ್ತಾದದ್ದು. ನಾನು ರೇಷ್ಮೆ ಸೀರೆ ಉಟ್ಟು, ತಲೆತುಂಬ ಹೂ ಮುಡಿದು, ಹಿತ್ತಿಲಲ್ಲಿ ಜಲ್ಲಿಯ ಗುಡ್ಡೆಯ ಪಕ್ಕ ನಿಂತಿದ್ದೆ.

ಆಗ ತವರಿನವರು ಬಂದರು. ಅಪ್ಪ ಅಮ್ಮ ಮುಂದಿನಿಂದ ಹೋದದ್ದು ಕೇಳಿಸಿತು. ಗೋವಿಂದತ್ತೆ ಮಾತ್ರ, ಯಾರೂ ಹೇಳದಿದ್ದರೂ, ಗೋಡೆ ಬಳಸಿಕೊಂಡು ತಲೆ ತಗ್ಗಿಸಿ ಹಿತ್ತಿಲಿಗೆ ಬಂದಳು. ತಲೆ ಎತ್ತಿದರೆ ಎದುರಿಗೆ ನಾನು.

“ನೀನ್ಯಾಕೆ ಇಲ್ಲಿ?” ಎಂದಳು.

“ನೀನ್ಯಾಕೆ ಇಲ್ಲಿ?” ಎಂದೆ.

ನನ್ನ ಹೂವು, ಸೀರೆ, ಜಲ್ಲಿಯ ಗುಡ್ಡೆ ಎಲ್ಲವನ್ನೂ ಒಮ್ಮೆ ನೋಡಿದಳು. “ನೀನೂನಾ?” ಎಂದಳು, ಅಷ್ಟೇ.

ಆ ಒಂದು ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಇಲ್ಲ, ನಾನಲ್ಲ. ನೀನೂ ಅಲ್ಲ. ಅವಳ ಕೈ ಹಿಡಿದುಕೊಂಡೆ. “ಬೇಡ ಕಣೇ, ಶುಭಕಾರ್ಯ,” ಎಂದು ಕೈ ಹಿಂದಕ್ಕೆ ಎಳೆದಳು. ನಾನು ಬಿಡಲಿಲ್ಲ. ಗೋಡೆ ಬಳಸಿಕೊಂಡು, ಓಲಗದವರನ್ನು ದಾಟಿ, ಮುಂಬಾಗಿಲಿಗೆ ತಂದು ನಿಲ್ಲಿಸಿದೆ. ಬಾಗಿಲಲ್ಲಿ ಸೀನು ನಿಂತಿದ್ದ. ನಮ್ಮಿಬ್ಬರನ್ನೂ ನೋಡಿದ. ಆ ವರ್ಷವೆಲ್ಲ ಬೀಗ ಹಾಕಿದ್ದ ಬಾಯಿ ಆಗ ತೆರೆಯಿತು. “ದಾರಿ ಬಿಡ್ರೀ, ನಮ್ಮನೆಯವ್ಳು ಬರ್ತಾವ್ಳೆ,” ಎಂದು ಜನರನ್ನು ಎರಡು ಕಡೆಗೂ ಸರಿಸಿದ.

ಒಳಗೆ ಒಲೆಯ ಮುಂದಿನಿಂದ ಗೌರಮ್ಮ ನೋಡಿದರು. “ಅಂಕಿ!” ಎಂದರು. ಆಮೇಲೆ, ಇನ್ನೇನೂ ತೋಚದೆ, “ಮೆತ್ತಗೆ! ಮೆತ್ತಗೆ ಕಣೇ!” ಎಂದು ಕೂಗಿದರು.

“ಅತ್ತೆ,” ಎಂದು ಗೋವಿಂದತ್ತೆಯ ಕಿವಿಯಲ್ಲಿ ಹೇಳಿದೆ, “ಬಲಗಾಲೂ ಬೇಡ, ಎಡಗಾಲೂ ಬೇಡ. ಎರಡೂ ಜೋಡಿಸು.”

ಇಬ್ಬರೂ ಸೀರೆ ಎತ್ತಿ ಹಿಡಿದು, ಕಾಲು ಜೋಡಿಸಿ, ಹೊಸಿಲು ದಾಟಿ ನೆಗೆದೆವು. ನಾಲ್ಕು ಕಾಲು ಒಟ್ಟಿಗೆ ಗಾರೆಯ ಮೇಲೆ ದಢ್ ಎಂದು ಬಿದ್ದವು. ನನ್ನ ಗೆಜ್ಜೆ ಝಲ್ಲೆಂದಿತು. ಓಲಗ ನಿಂತಿತು. ಮನೆ ತುಂಬ ಇದ್ದವರು, ಮಾವ, ಮರಿಯಮ್ಮ, ಪುರೋಹಿತರು, ಎಲ್ಲರೂ ಉಸಿರು ಬಿಗಿಹಿಡಿದು ತಲೆ ಎತ್ತಿ ಸೂರು ನೋಡಿದರು. ಗೌರಮ್ಮನೂ ಸೂರನ್ನೇ ನೋಡುತ್ತಿದ್ದರು. ಹಾಲನ್ನು ನೋಡುವವರೇ ಇಲ್ಲದೆ ಅದು ತನ್ನ ಪಾಡಿಗೆ ಉಕ್ಕಿ ಒಲೆಯ ಮೇಲೆ ಚುಯ್ ಎಂದು ಹರಿಯಿತು.

ಸೂರಿನಿಂದ ಒಂದು ಹುಡಿಯೂ ಬೀಳಲಿಲ್ಲ.

ಗೋವಿಂದತ್ತೆ ನನ್ನ ಕೈ ಬಿಟ್ಟು, ತನ್ನ ಪಾದಗಳನ್ನು ತಾನೇ ನೋಡಿಕೊಂಡಳು. ಬಲಗಾಲು ಎತ್ತಿ ಇನ್ನೊಮ್ಮೆ, ಈ ಸಲ ಒಬ್ಬಳೇ, ಜೋರಾಗಿ ನೆಲಕ್ಕೆ ಗುದ್ದಿದಳು.

“ಗಟ್ಟಿಯಾಗೈತೆ ಕಣೇ ನೆಲ,” ಎಂದಳು.